ಹೈದರಾಬಾದಿನಿಂದ ಬರಬೇಕಾದ ಸ್ಪ್ರಿಂಗು

ಉಸ್ತಾದರು ತೀರಿಕೊಂಡ ಸುದ್ದಿ ನನಗೆ ಟಪ್ಪಾಲಿನಲ್ಲಿ ಬಂತು. ಅವರ ಮಗ ಬರೆದ ಒಂದು ಹಾಳೆಯ ಅರ್ಜಿ, ಅದರ ಹಿಂದೆ ಮರಣ ಪ್ರಮಾಣಪತ್ರದ ನಕಲು. ತಂದೆಯ ಹೆಸರಿನಲ್ಲಿದ್ದ ಬಂದೂಕು ದುರಸ್ತಿಯ ಪರವಾನಗಿಯನ್ನು ರದ್ದು ಮಾಡಬೇಕು, ಅಂಗಡಿಯಲ್ಲಿ ಉಳಿದಿರುವ ಗಿರಾಕಿಗಳ ಬಂದೂಕುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಬೇಕು ಎಂಬ ಕೋರಿಕೆ. ನಾನು ಮಗಳ ಬಾಣಂತನಕ್ಕೆಂದು ಹದಿನೈದು ದಿನ ರಜೆ ಹಾಕಿ ಯಾದಗಿರಿಗೆ ಹೋಗಿದ್ದೆ. ಅಷ್ಟರಲ್ಲಿ ಇಲ್ಲಿ ಮಣ್ಣು ಮಾಡುವುದು ಮುಗಿದು ಹೋಗಿತ್ತು. ಅರ್ಜಿಯ ಮೇಲೆ ಸ್ವೀಕೃತಿಯ ಮೊಹರು ಒತ್ತಿದೆ, ತಾರೀಖು ಹಾಕಿದೆ, ಆಮೇಲೆ ಹಿಂದಿನ ರೆಕಾರ್ಡ್ ರೂಮಿಗೆ ಹೋಗಿ ಅತ್ತೆ. ಮೊಹರು ಮೊದಲು, ಅಳು ಆಮೇಲೆ. ನನ್ನ ಸ್ವಭಾವವೇ ಹಾಗೆ. ಉಸ್ತಾದರು ಇದ್ದಿದ್ದರೆ ಇದಕ್ಕೂ ಒಂದು ಮಾತು ಅಂದು ನಗುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಸುರಪುರದಲ್ಲಿ ಆ ಹೆಸರಿನಿಂದ ಅವರನ್ನು ಗುರುತಿಸುವವರು ಕಡಿಮೆ. ಬಂದೂಕಿನ ಉಸ್ತಾದರು ಅಂದರೆ ಸಾಕು, ಶಹಾಪುರದ ಬಸ್ಸಿನಲ್ಲಿ ಕೂತವರೂ ರಂಗಂಪೇಟೆಯ ಆ ಓಣಿಗೆ ದಾರಿ ಹೇಳುತ್ತಿದ್ದರು. ನಮ್ಮ ಕಡೆ ಬಂದೂಕು ಅಪರೂಪದ ವಸ್ತುವೇನಲ್ಲ. ಇದು ಬೇಡರ ನಾಡು, ನಮ್ಮದೂ ಅದೇ ಮನೆತನ. ಬೆಳೆಗೆ ಬೀಳುವ ಹಂದಿ ಓಡಿಸಲಿಕ್ಕೆಂದು ಅಜ್ಜನ ಕಾಲದಲ್ಲಿ ಕೊಟ್ಟ ಲೈಸೆನ್ಸು ಅಪ್ಪನ ಹೆಸರಿಗೆ, ಅಪ್ಪನಿಂದ ಅಣ್ಣನ ಹೆಸರಿಗೆ ಬಂದಿದೆ. ಅದರಿಂದ ಒಂದು ಹಂದಿ ಸತ್ತದ್ದನ್ನು ನಾನಂತೂ ಕಂಡಿಲ್ಲ. ವರ್ಷಕ್ಕೊಮ್ಮೆ ಮಹಾನವಮಿಯ ಖಂಡೇಪೂಜೆಗೆ ಅದನ್ನು ಗೂಟದಿಂದ ಇಳಿಸಿ, ಎಣ್ಣೆಬಟ್ಟೆಯಿಂದ ಒರೆಸಿ, ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತೇವೆ, ಕಾಯಿ ಒಡೆಯುತ್ತೇವೆ. ಆಯುಧವಿಲ್ಲದೆ ಖಂಡೇಪೂಜೆ ಮಾಡಿದರೆ ಓಣಿಯ ಮಂದಿ ಎದುರಿಗೆ ಏನೂ ಅನ್ನುವುದಿಲ್ಲ, ಮನೆಗೆ ಹೋಗಿ ಅನ್ನುತ್ತಾರೆ.

ಉಸ್ತಾದರ ಅಂಗಡಿ ಅರ್ಧ ಬಂದೂಕಿನದು, ಅರ್ಧ ಸಂಸಾರದ್ದು. ಒಂದು ಗೋಡೆಗೆ ಕಬ್ಬಿಣದ ಕಪಾಟು, ಅದಕ್ಕೆ ಎರಡು ಬೀಗ, ಒಳಗೆ ಬಂದೂಕುಗಳು. ಇನ್ನೊಂದು ಕಡೆ ಹೊಲಿಗೆ ಯಂತ್ರ, ಕೀಲಿ ಕಳೆದ ಟ್ರಂಕು, ಹಿಡಿ ಮುರಿದ ಕುಕ್ಕರು. ತರಕಾರಿ ಹೆಚ್ಚುವ ಇಳಿಗೆಗಳಿಗೂ ಸಾಣೆ ಹಿಡಿದು ಕೊಡುತ್ತಿದ್ದರು. ಇಳಿಗೆ ಹಿಡಿದ ಹೆಂಗಸು ಬಾಗಿಲಲ್ಲಿ ನಿಂತಳೆಂದರೆ, ಎದುರಿಗೆ ಸಬ್ ಇನ್‌ಸ್ಪೆಕ್ಟರು ಕೂತಿದ್ದರೂ ಸರಿ, ಅವಳದೇ ಮೊದಲ ಸರದಿ. ಇದು ಯಾವ ಸೀಮೆಯ ಪದ್ಧತಿ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ.

ಬಂದೂಕಿನ ವಿಷಯದಲ್ಲಿ ಅವರಿಗೆ ಎರಡು ನಿಯಮ. ಯಾರೇ ಬಂದೂಕು ತರಲಿ, ನಳಿಗೆ ಗೋಡೆಯ ಕಡೆ ಇರಬೇಕು. ಆ ಗೋಡೆಯ ಸುಣ್ಣದ ಮೇಲೆ ನಳಿಗೆಯ ಬಾಯಿ ತಾಗಿ ತಾಗಿ ರೊಟ್ಟಿಯ ಮೇಲಿನ ಸುಟ್ಟ ಕಲೆಯಂಥ ಗುರುತುಗಳು ಬಿದ್ದಿದ್ದವು. ಎರಡನೆಯದು, ಖಾಲಿ ಐತೇನು ಎಂದು ಕೇಳುವುದು. ಖಾಲಿ ಐತ್ರಿ ಅಂದರೆ ತಲೆ ಆಡಿಸಿ, ದಾರ ಕಟ್ಟಿದ ಕನ್ನಡಕ ಏರಿಸಿ, ಬಂದೂಕು ಬಿಚ್ಚಿ ತಾವೇ ನೋಡುತ್ತಿದ್ದರು. ನಂಬುವುದಿಲ್ಲವಾದರೆ ಯಾಕೆ ಕೇಳುತ್ತೀರಿ ಎಂದು ಒಮ್ಮೆ ಕೇಳಿದೆ. ಎಲ್ಲಾರೂ ಖಾಲಿ ಅಂತನ ಹೇಳ್ತಾರ್ರಿ ಮೇಡಂ, ಹೇಳುವಾಗ ಅವರ ಮಾರಿ ಹೆಂಗ ಇರ್ತದ ಅಂತ ನೋಡಾಕ ಕೇಳ್ತೀನಿ ಅಂದರು.

ನಾನು ಕಚೇರಿಯಲ್ಲಿ ಬಂದೂಕು ಲೈಸೆನ್ಸುಗಳ ಗುಮಾಸ್ತೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಹೆಚ್ಚಿನ ಪಾಲು ಇದೇ ಕುರ್ಚಿ. ನನಗೆ ಕಾಗದದ ಮೇಲೆ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ನವೀಕರಣಕ್ಕೆ ಬಂದವನು ದೇಹ ಮತ್ತು ಮನಸ್ಸು ಎರಡೂ ಸರಿಯಿವೆ ಎಂದು ಡಾಕ್ಟರಿಂದ ಬರೆಸಿಕೊಂಡು ಬರಬೇಕು. ಸಹಿ ಇದೆಯೇ, ಮೊಹರು ಇದೆಯೇ, ತಾರೀಖು ಸರಿಯಿದೆಯೇ, ಇಷ್ಟು ನೋಡಿ ನಾನು ಕಡತಕ್ಕೆ ಹಾಕುತ್ತೇನೆ. ಒಂದು ದಿನ ಉಸ್ತಾದರು ತಮ್ಮದೇ ಏನೋ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಗೌಡರು ಅಂಥ ಕಾಗದ ಕೊಟ್ಟು ಹೋದರು. ಅವರು ಹೋದ ಮೇಲೆ ಉಸ್ತಾದರು ಮೆಲ್ಲಗೆ ನನ್ನ ಟೇಬಲ್ಲಿನ ಹತ್ತಿರ ಬಂದರು.

"ಒಂದು ಬಂದೂಕ ಬಂದ್ರ ನಾ ಅರ್ಧ ತಾಸು ಕಣ್ಣಿಟ್ಟು ನೋಡ್ತೀನ್ರಿ. ನೀವು ಆ ಮನಷ್ಯಾನ ಮಾರಿ ಒಮ್ಮೆರೆ ನೋಡಿದ್ರೇನು?"

"ಮಾರಿ ನೋಡು ಅಂತ ಯಾವ ಕಾಯ್ದೆದಾಗೂ ಬರದಿಲ್ಲ್ರಿ" ಅಂದೆ.

ಅವರು ಸಿಟ್ಟಾಗಲಿಲ್ಲ. ಬರೀಬೇಕಿತ್ತು ನೋಡ್ರಿ ಅಂತ ತಮಗೆ ತಾವೇ ಅಂದುಕೊಂಡು ಕೂತರು. ನನಗೇ ಸಿಟ್ಟು ಬಂದು, ಅವತ್ತು ಐದು ನಿಮಿಷದಲ್ಲಿ ಮುಗಿಯುವ ಅವರ ಕೆಲಸವನ್ನು ಮಧ್ಯಾಹ್ನ ಊಟವಾಗುವ ತನಕ ಎಳೆದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಚುನಾವಣೆ ಬಂತೆಂದರೆ ಉಸ್ತಾದರಿಗೆ ಹಬ್ಬ. ಆಗ ಊರೂರಿನ ಲೈಸೆನ್ಸು ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ ಬಂದು ಜಮಾ ಆಗಬೇಕು, ಮತ ಎಣಿಕೆ ಮುಗಿಯುವವರೆಗೆ ಅಲ್ಲೇ ಇರಬೇಕು. ಹುಲಿಯಂಥ ಮೀಸೆಯವರೆಲ್ಲ ಬಂದೂಕು ಹೆಗಲ ಮೇಲಿಟ್ಟುಕೊಂಡು ಬಂದು, ಬರಿಗೈಯಲ್ಲಿ, ಬೀಗರ ಮನೆಯಲ್ಲಿ ಊಟ ಸಿಗದವರ ಹಾಗೆ ವಾಪಸ್ಸು ಹೋಗುತ್ತಿದ್ದರು. ಉಸ್ತಾದರು ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಕೂತು ಅದನ್ನು ನೋಡಿ ಖುಷಿಪಡುತ್ತಿದ್ದರು. ವರ್ಷ ವರ್ಷ ಇಲೆಕ್ಷನ್ ಇಡಬೇಕ್ರಿ ಮೇಡಂ, ಯಾರರೆ ಗೆಲ್ಲಲಿ ಅಂತ ನನಗೆ ಹೇಳುತ್ತಿದ್ದರು. ಬಂದೂಕಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ ಹೀಗೆ ಅನ್ನುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಇನ್ನು ನನ್ನ ತಪ್ಪಿನ ಕಥೆ ಹೇಳಬೇಕು. ಅದನ್ನು ಬಿಟ್ಟು ಉಸ್ತಾದರ ಬಗ್ಗೆ ಬರೆದರೆ ಮೋಸ ಮಾಡಿದಂತೆ.

ಆರು ವರ್ಷದ ಹಿಂದಿನ ಮಾತು. ನನ್ನ ಅಣ್ಣ ಸರ್ಕಾರಿ ಬಸ್ಸಿನ ಚಾಲಕ. ಒಂದು ಬೆಳಗ್ಗೆ ಶಹಾಪುರದಿಂದ ಬರುವಾಗ ಅಡ್ಡರಸ್ತೆಯಿಂದ ಒಂದು ಬೈಕು ನುಗ್ಗಿ ಬಸ್ಸಿನಡಿ ಬಂತು. ಬೈಕಿನ ಹುಡುಗ ಅಲ್ಲೇ ಹೋದ. ಅಣ್ಣನದು ತಪ್ಪಿಲ್ಲ ಎಂದು ಕಂಡಕ್ಟರು ಹೇಳಿದ, ಪ್ರಯಾಣಿಕರು ಹೇಳಿದರು, ವಿಚಾರಣೆಯಲ್ಲೂ ಹಾಗೇ ಬರೆದು ಕೊಟ್ಟರು. ಆ ಆದೇಶದ ಪ್ರತಿಯನ್ನು ನಾನು ಲ್ಯಾಮಿನೇಷನ್ ಮಾಡಿಸಿ ಅಣ್ಣನ ಕೈಗೆ ಕೊಟ್ಟೆ. ಕಾಗದ ಕೈಗೆ ಬಂತೆಂದರೆ ಸಂಗತಿ ಮುಗಿಯಿತು ಎಂಬುದು ನನ್ನ ತಿಳಿವಳಿಕೆ. ಅಣ್ಣ ಅದನ್ನು ಓದಲಿಲ್ಲ, ಮಡಚಲು ನೋಡಿದ, ಮಡಚಲು ಬರಲಿಲ್ಲ, ಬದಿಗಿಟ್ಟ.

ಅವನು ಉದ್ದ ರಜೆ ಹಾಕಿ ತಿಂಥಣಿಯ ಹತ್ತಿರದ ನಮ್ಮ ಊರಿನಲ್ಲೇ ಉಳಿದ. ಸುರಪುರದಿಂದ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ಆದರೂ ನಾನು ಹೋಗಲಿಲ್ಲ. ಕಚೇರಿ, ಮಗಳ ಪರೀಕ್ಷೆ ಎಂದು ನೆವ ಹೇಳಿಕೊಂಡೆ. ಫೋನು ಮಾಡಿದರೆ ಅತ್ತಿಗೆ, ಹಂಗ ಅದಾರ ಅನ್ನುತ್ತಿದ್ದಳು. ಹಂಗ ಅಂದರೆ ಹ್ಯಾಂಗ ಎಂದು ನಾನೂ ಕೇಳಲಿಲ್ಲ.

ಮಹಾನವಮಿಗೆ ಇಪ್ಪತ್ತು ದಿನ ಇರುವಾಗ ಅಣ್ಣನ ಕೈಬರಹದ ಅರ್ಜಿ ನನ್ನ ಟೇಬಲ್ಲಿಗೆ ಬಂತು. ಬಂದೂಕನ್ನು ದುರಸ್ತಿಗೆಂದು ಉಸ್ತಾದರು ಒಯ್ದು ಆರು ತಿಂಗಳಾಯಿತು. ಕೇಳಿದಾಗಲೆಲ್ಲ ಹೈದರಾಬಾದಿನಿಂದ ಸ್ಪ್ರಿಂಗು ಬರಬೇಕು ಅನ್ನುತ್ತಾರೆ. ಖಂಡೇಪೂಜೆ ಹತ್ತಿರ ಬಂದಿದೆ, ಬಂದೂಕು ಕೊಡಿಸಬೇಕು. ತಂಗಿಯ ಕಚೇರಿಗೆ ಅಣ್ಣ ಅರ್ಜಿ ಬರೆಯಬೇಕಾಯಿತಲ್ಲ ಎಂದು ನನಗೆ ಉಸ್ತಾದರ ಮೇಲೆ ಉರಿದು ಹೋಯಿತು. ಹೈದರಾಬಾದಿಗೆ ದಿನಾ ಬಸ್ಸಿದೆ, ರೈಲಿದೆ. ಒಂದು ಸ್ಪ್ರಿಂಗು ಆರು ತಿಂಗಳು ನಡೆದು ಬರುತ್ತದೆಯೇ? ಕೂತು ನೋಟೀಸು ಬರೆದೆ. ಏಳು ದಿನದೊಳಗೆ ಬಂದೂಕನ್ನು ಮಾಲೀಕರಿಗೆ ಹಿಂದಿರುಗಿಸತಕ್ಕದ್ದು, ತಪ್ಪಿದಲ್ಲಿ ಪರವಾನಗಿ ರದ್ದತಿಗೆ ಶಿಫಾರಸು ಮಾಡಲಾಗುವುದು. ತಪ್ಪಿದಲ್ಲಿ ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ. ಸಾಹೇಬರು ಓದದೆ ಸಹಿ ಹಾಕಿದರು.

ಮೂರನೆಯ ದಿನ ಉಸ್ತಾದರು ಕೌದಿಯಲ್ಲಿ ಸುತ್ತಿದ ಬಂದೂಕಿನೊಂದಿಗೆ ಬಂದು, ನಮ್ಮ ಕಚೇರಿಯಲ್ಲೂ ನಳಿಗೆ ಗೋಡೆಯ ಕಡೆ ಮಾಡಿ ನಿಲ್ಲಿಸಿದರು. ರಿಪೇರಿ ಆಗಿದೆಯೇ ಎಂದು ಕೇಳಿದೆ. ಆಗೇತ್ರಿ ಅಂದರು. ಹಾಗಾದರೆ ಆರು ತಿಂಗಳು ಯಾಕೆ ಇಟ್ಟುಕೊಂಡಿರಿ ಎಂದೆ. ನನ್ನನ್ನು ಬಹಳ ಹೊತ್ತು ನೋಡಿದರು. ಖಾಲಿ ಐತೇನು ಎಂದು ಕೇಳಿ ಗಿರಾಕಿಯನ್ನು ನೋಡುವ ನೋಟವೇ ಅದು.

"ನೋಟೀಸ ನಿಮ್ಮದು. ಬಂದೂಕನೂ ನೀವ ನಿಮ್ಮ ಕೈಲೆ ಕೊಡ್ರಿ. ನಾ ಹೊತ್ಕೊಂಡ ಬರ್ತೀನಿ, ನೀವು ಮುಂದ ನಡೀರಿ."

ತಪ್ಪು ಒಪ್ಪಿಕೊಂಡು ಬಗ್ಗಿದ್ದಾರೆ ಎಂದು ತಿಳಿದು, ಅರ್ಧ ದಿನ ರಜೆ ಬರೆದು, ಹೆಮ್ಮೆಯಿಂದಲೇ ಹೊರಟೆ. ಒಂದು ಟಂಟಂ ಗಾಡಿ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಹತ್ತಿ ಹೊಲ, ಕಾಲುವೆಯ ನೀರು ಎಂದು ಏನೇನೋ ಮಾತಾಡಿದರು. ಬಂದೂಕಿನ ಮಾತು ತೆಗೆಯಲಿಲ್ಲ.

ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ ಮರದ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಎದೆಗೆ ಹತ್ತಿರ ಬಂದಿತ್ತು, ಅಂಗಿ ಎರಡು ಮೈ ಹಿಡಿಸುವಷ್ಟು ದೊಡ್ಡದಾಗಿತ್ತು. ನಾನು ಮಾತಾಡಿಸಿದೆ, ಅವನು ಹೂಂ ಅನ್ನಲಿಲ್ಲ. ಆಗ ಅವನ ಬಲಗಾಲು ಕಂಡಿತು. ಮುಂಗಾಲನ್ನು ನೆಲಕ್ಕೆ ಒತ್ತುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಬಸ್ಸಿನ ಬ್ರೇಕು ಒತ್ತುತ್ತಿದ್ದ. ಆ ಜಾಗದಲ್ಲಿ ನೆಲದ ಸಾರಣೆ ಕಿತ್ತು ಹೋಗಿ ಒಂದು ಕುಳಿಯೇ ಬಿದ್ದಿತ್ತು. ಆ ಬೆಳಗಿನಿಂದ ನನ್ನ ಅಣ್ಣ ಆ ಹುಡುಗನನ್ನು ಉಳಿಸಲು ನೋಡುತ್ತಿದ್ದ.

ಅತ್ತಿಗೆ ಒಳಗಿನಿಂದ ಬಂದಳು. ಉಸ್ತಾದರ ತೋಳಿನಲ್ಲಿದ್ದ ಕೌದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಸುಣ್ಣದಂತಾಯಿತು. ಅಣ್ಣ ತಲೆ ಎತ್ತಿದ್ದು ಆಗಲೇ. ನನ್ನ ಮಾತಿಗೆ ಏಳದ ತಲೆ ಕೌದಿಯ ಕಡೆ ಎದ್ದಿತು. ಎರಡೂ ಕೈ ಚಾಚಿದ.

"ತಂದ್ರೇನು? ತಾ ಇಲ್ಲಿ."

ಕಾಲು ನಿಂತಿತ್ತು. ಇಷ್ಟು ಹೊತ್ತು ನೆಲ ಒತ್ತುತ್ತಿದ್ದ ಕಾಲು ಥಟ್ಟನೆ ನಿಂತದ್ದು ನೋಡಿದೆ. ಅಣ್ಣನಿಗೆ ಬಂದೂಕು ಬೇಕಾಗಿರುವುದು ಪೂಜೆಗಲ್ಲ ಎಂಬುದು ಆ ಕ್ಷಣದಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅತ್ತಿಗೆಗೆ ಆರು ತಿಂಗಳಿಂದ ಗೊತ್ತಿತ್ತು, ಉಸ್ತಾದರಿಗೂ ಗೊತ್ತಿತ್ತು. ರಕ್ತ ಹಂಚಿಕೊಂಡ ನಾನು ಮಾತ್ರ ಗೆರೆ ಎಳೆದು ನೋಟೀಸು ಬರೆದಿದ್ದೆ. ಉಸ್ತಾದರು ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಕೊಡುವವಳು ನಾನು, ಹಾಗಾಗಿ ನನ್ನನ್ನೇ ನೋಡುತ್ತ ನಿಂತರು.

"ಇಲ್ಲಣ್ಣ, ಸ್ಪ್ರಿಂಗ ಇನ್ನಾ ಬಂದಿಲ್ಲಂತ" ಅಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು. "ಬಂದೂಕಿನ ನಂಬರ ಲೈಸೆನ್ಸಿನ ಪುಸ್ತಕದ ಕೂಡ ತಾಳಿ ನೋಡಬೇಕಾಗಿತ್ತು. ಅದಕ್ಕ ತಂದೀವಿ. ನೋಡ್ಕೊಂಡು ಒಯ್ತೀವಿ."

ಅತ್ತಿಗೆ ಒಳಗೆ ಹೋಗಿ ಲೈಸೆನ್ಸಿನ ಪುಸ್ತಕ ತಂದಳು. ನಾನು ಕೌದಿಯ ಮೂಲೆ ಸರಿಸಿ, ಗುಮಾಸ್ತೆಯ ಗತ್ತಿನಲ್ಲಿ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದೆ. ಸರಿ ಐತಿ ಅಂದೆ. ಅಣ್ಣ ಕೈ ಕೆಳಗಿಳಿಸಿದ. ಸ್ವಲ್ಪ ಹೊತ್ತಿಗೆ ಕಾಲು ಮತ್ತೆ ಶುರುವಾಯಿತು. ಆ ಕಾಲು ಆಡುವುದನ್ನು ನೋಡಿ ನನಗೆ ಸಮಾಧಾನವಾಯಿತು ಎಂದರೆ ಯಾರು ನಂಬುತ್ತಾರೆ!

ಗಾಡಿಯ ತನಕ ಅತ್ತಿಗೆ ಬಂದಳು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೊಲದಿಂದ ಬಂದಾಗ ಅಣ್ಣ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ, ಏನೂ ಮಾಡದೆ, ಕೂಸಿನ ತಲೆ ಸವರಿದ ಹಾಗೆ ಸವರುತ್ತ. ಮರುದಿನವೇ ಅವಳು ಇಳಿಗೆ ಚೀಲದಲ್ಲಿ ಹಾಕಿಕೊಂಡು ರಂಗಂಪೇಟೆಗೆ ಹೋಗಿದ್ದಳು. ಸಾಣೆ ತಿರುಗುವಾಗ ಸದ್ದಿರುತ್ತದೆ, ಹೇಳಿದ ಮಾತು ಮೂರನೆಯವರಿಗೆ ಕೇಳುವುದಿಲ್ಲ. ಅದರ ಮರುದಿನ ಉಸ್ತಾದರು ತಮ್ಮ ಹಳೆಯ ಮೊಪೆಡ್ಡಿನಲ್ಲಿ, ಈ ಕಡೆ ಬಂದಿದ್ದೆ ಎಂದು ಮನೆಗೆ ಬಂದು ನೀರು ಕೇಳಿ, ಗೂಟದ ಬಂದೂಕು ಇಳಿಸಿ ನೋಡಿ, ಸ್ಪ್ರಿಂಗು ಹೋಗಿದೆಯಲ್ಲೋ ತಮ್ಮಾ ಎಂದು ಅಣ್ಣನಿಂದಲೇ ಸಹಿ ಹಾಕಿಸಿಕೊಂಡು ಒಯ್ದಿದ್ದರು.

"ನನಗ ಯಾಕ ಹೇಳಲಿಲ್ಲ ಅತ್ತಿಗಿ?" ಎಂದು ಕೇಳಿದೆ.

"ಹೇಳಿದ್ರ ನೀ ಕಾಗದ ಕೇಳ್ತಿದ್ದಿ" ಅಂದಳು. ಅವಳು ಅದನ್ನು ಬಯ್ಯುವುದಕ್ಕೆ ಅನ್ನಲಿಲ್ಲ.

ದಾರಿಯಲ್ಲಿ ಉಸ್ತಾದರು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಮೊದಲ ಸಲ ಅವರು ನನ್ನನ್ನು ಮೇಡಂ ಅನ್ನದೆ ತಂಗಿ ಅಂದರು. ಚಹಾ ಕುಡಿಯುತ್ತ ತಮ್ಮ ಸಂಗತಿ ಹೇಳಿದರು. ಅವರಿಗೆ ಇಪ್ಪತ್ತೈದು ವರ್ಷವಿದ್ದಾಗ ಹೆಂಡತಿ ಮೊದಲ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಆಮೇಲೆ ಅವರಿಗೆ ಹಗಲು ಯಾವುದು, ಊಟ ಯಾವುದು ತಿಳಿಯಲಿಲ್ಲ. ಅವರ ಅಬ್ಬಾ, ಅವರೂ ಬಂದೂಕಿನ ಉಸ್ತಾದರೇ, ಒಂದು ಬೆಳಗ್ಗೆ ಅಂಗಡಿಯ ಕೀಲಿ ಕಳೆದಿದೆ ಎಂದರಂತೆ. ಊರಿನ ಬೀಗಗಳನ್ನೆಲ್ಲ ತೆಗೆಯುವ ಮನುಷ್ಯ ತನ್ನ ಬೀಗ ತೆಗೆಯಲಾರದೆ, ಅಂಗಡಿ ಮುಚ್ಚಿ, ವರ್ಷದ ಹತ್ತಿರ ಮನೆಯ ಅಂಗಳದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತರು. ಮಗನ ಔಷಧಿ ಆಗ ಹೈದರಾಬಾದಿನಿಂದ ಬರಬೇಕಾಗಿತ್ತು.

"ಒಂದು ದಿನ ನನಗ ಹಸಿವಿ ಆತು. ರೊಟ್ಟಿ ಕೇಳಿದೆ. ಅವತ್ತ ಸಂಜಿಗೆ ಅಬ್ಬಾಗ ಕೀಲಿ ಸಿಕ್ತು ನೋಡು."

ಎಲ್ಲರಿಗೂ ಹೀಗೆ ಸುಳ್ಳು ಹೇಳುತ್ತೀರಾ ಎಂದು ಕೇಳಿದೆ. ಗುಮಾಸ್ತೆಯ ಬುದ್ಧಿ ಅಳುವಾಗಲೂ ಬಿಡುವುದಿಲ್ಲ.

"ಮನಷ್ಯಾ ತಿರುಗಿ ಬರಾಕ ಟೈಮ್ ಬೇಕಾಗ್ತದ ತಂಗಿ. ಅಲ್ಲೀತನಾ ಬಂದೂಕ ಅವನ ಕೈಗೆ ಸಿಗಬಾರದು. ಅಷ್ಟ ನನ್ನ ಕೆಲಸ. ಮುಂದಿಂದು ಡಾಕ್ಟರದು."

ಒಂದು ಸಲ ತಪ್ಪಿದೆ ಎಂದೂ ಹೇಳಿದರು. ಬಹಳ ಹಿಂದೆ ಒಬ್ಬಾಕೆ ಇಳಿಗೆ ತಂದಿದ್ದಳು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಕೂಡವ್ವಾ, ಇವರದು ಮುಗೀಲಿ ಅಂದಿದ್ದರು. ಅವಳು ಬಸ್ಸಿನ ಹೊತ್ತಾಯಿತೆಂದು ಇಳಿಗೆ ಬಿಟ್ಟು ಹೋದಳು. ಮರುದಿನ ಅವರು ಅವಳ ಊರು ಮುಟ್ಟಿದಾಗ ಮನೆಯ ಮುಂದೆ ಜನ ಸೇರಿದ್ದರು, ಒಳಗಿನಿಂದ ಅವಳ ಅಳು ಕೇಳುತ್ತಿತ್ತು. ಇಳಿಗೆ ಒಯ್ಯಲು ಅವಳು ಮತ್ತೆ ಬರಲಿಲ್ಲ. ಇಷ್ಟು ಹೇಳಿ ಉಸ್ತಾದರು ಆರಿ ಹೋದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು. ಸಬ್ ಇನ್‌ಸ್ಪೆಕ್ಟರನ್ನು ಕೂರಿಸಿ ಇಳಿಗೆಗೆ ಮೊದಲ ಸರದಿ ಕೊಡುವ ಪದ್ಧತಿ ಎಲ್ಲಿಂದ ಬಂತೆಂದು ನಾನು ಆಮೇಲೆ ಕೇಳಬೇಕಾಗಲಿಲ್ಲ.

ಮಾರನೆಯ ದಿನ ನನ್ನ ನೋಟೀಸಿಗೆ ಅವರಿಂದ ಲಿಖಿತ ಉತ್ತರ ಪಡೆದೆ. ಬಿಡಿಭಾಗ ಲಭ್ಯವಿಲ್ಲ ಎಂದು. ಕಡತ ಮುಗಿಸಿದೆ.

ಆದರೆ ಖಂಡೇಪೂಜೆ ಬಂದೇ ಬಂತು. ಬಂದೂಕಿಲ್ಲದೆ ಪೂಜೆಗೆ ಕೂಡುವುದಿಲ್ಲ ಎಂದು ಅಣ್ಣ ಹಟ ಹಿಡಿದ. ಉಸ್ತಾದರು ಸ್ನಾನ ಮಾಡಿ, ಬಿಳಿ ಟೋಪಿ ಹಾಕಿಕೊಂಡು, ಒಗೆದ ಪಂಚೆಯಲ್ಲಿ ಬಂದೂಕಿನ ನಳಿಗೆಯನ್ನಷ್ಟೇ ಸುತ್ತಿಕೊಂಡು ಬಂದರು. ಹಿಡಿಯೂ, ಗುಂಡು ಹಾರಿಸುವ ಕುದುರೆಯೂ ರಂಗಂಪೇಟೆಯ ಕಪಾಟಿನಲ್ಲಿ. ಉಳಿದದ್ದೆಲ್ಲಿ ಎಂದು ಅಣ್ಣ ಕೇಳಿದ್ದಕ್ಕೆ, ದೇವರಿಗೆ ಇಷ್ಟು ಸಾಕು, ಉಳಿದದ್ದು ಬಿಚ್ಚಿಟ್ಟೀನಿ ಅಂದರು. ಜಗುಲಿಯ ಮೇಲೆ ನಳಿಗೆ ಇಟ್ಟೆವು, ಅದರ ಬಾಯಿ ಗೋಡೆಯ ಕಡೆ. ಮಂಗಳಾರತಿ ಆಗುವ ತನಕ ಉಸ್ತಾದರು ಪಡಸಾಲೆಯಲ್ಲಿ ಕೂತಿದ್ದು, ಹೋಳಿಗೆ ಉಂಡು, ಕುಂಕುಮ ಒರೆಸದೆ ಹಾಗೇ ಸುತ್ತಿಕೊಂಡು ವಾಪಸ್ಸು ಒಯ್ದರು. ಆಮೇಲೆ ಪ್ರತಿ ವರ್ಷ ನಮ್ಮ ಮನೆಯ ಖಂಡೇಪೂಜೆ ಹೀಗೇ ನಡೆಯಿತು.

ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ. ತಾಲೂಕಿನ ದವಾಖಾನೆಗೆ ವಾರದಲ್ಲಿ ಒಂದು ದಿನ ಮನೋವೈದ್ಯರು ಬರುತ್ತಾರೆ. ಆ ಕೋಣೆಯ ಮುಂದಿನ ಬೆಂಚು ಸದಾ ಖಾಲಿ. ತೋರಿಸಲು ಬಂದವರು ದೂರದ ಬೇವಿನ ಮರದ ಕೆಳಗೆ, ಬೇರೆ ಯಾರನ್ನೋ ನೋಡಲು ಬಂದವರ ಹಾಗೆ ನಿಂತಿರುತ್ತಾರೆ. ಹೆಸರು ಕೂಗಿದರೆ ತಲೆ ತಗ್ಗಿಸಿ ಓಡಿ ಒಳಗೆ ಹೋಗುತ್ತಾರೆ. ಉಸ್ತಾದರು ಮಾತ್ರ ಬೆಂಚಿನ ನಟ್ಟನಡುವೆ ಕಾಲ ಮೇಲೆ ಕಾಲು ಹಾಕಿ ಕೂತು ಪೇಪರು ಓದುತ್ತಿದ್ದರು. ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, ದಿಮಾಗಿನ ಡಾಕ್ಟರಿಗೆ ತೋರಿಸಾಕ ಎಂದು ದವಾಖಾನೆಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಅಣ್ಣನಿಗೆ ಅವರು ನಿನಗೆ ಕಾಯಿಲೆ ಎಂದು ಹೇಳಲೇ ಇಲ್ಲ. ನನಗ ಒಬ್ಬಾವಂಗ ಕೂಡಾಕ ಬ್ಯಾಸರ ಆಗ್ತೈತಿ, ಬಾ ತಮ್ಮಾ ಅಂದರು. ಎರಡು ವಾರ ಅಣ್ಣ ಬರೀ ಜೊತೆಗೆ ಕೂತ. ಮೂರನೆಯ ವಾರ ಉಸ್ತಾದರ ಹೆಸರು ಕೂಗಿದಾಗ ಅವರು ಅಣ್ಣನ ಕೈ ಹಿಡಿದು ಒಳಗೆ ಹೋದರು. ಅತ್ತಿಗೆ ಮೌನೇಶ್ವರನ ಗುಡಿಯಲ್ಲಿ ಕಟ್ಟಿಸಿದ ದಾರ ಅಣ್ಣನ ರಟ್ಟೆಯಲ್ಲಿತ್ತು. ಅದನ್ನು ಡಾಕ್ಟರಿಗೆ ಕಾಣದಂತೆ ಮುಚ್ಚಲು ಹೋದವಳಿಗೆ ಉಸ್ತಾದರು, ದಾರನೂ ಇರ್ಲಿ ಗುಳಿಗಿನೂ ಇರ್ಲಿ ಅಂದರಂತೆ.

ಗುಳಿಗೆಯಿಂದ ಮರುದಿನವೇ ಏನೂ ಆಗಲಿಲ್ಲ. ಅಣ್ಣ ಬಾಯಿ ಒಣಗುತ್ತದೆ ಎಂದು ಒಮ್ಮೆ ಬಿಟ್ಟ, ಮತ್ತೊಮ್ಮೆ ಹಿತ್ತಲಿಗೆ ಎಸೆದ. ಉಸ್ತಾದರು ಬಯ್ಯದೆ ಮತ್ತೆ ಬೆಂಚಿಗೆ ಕರೆದುಕೊಂಡು ಹೋದರು. ದೀಪಾವಳಿ ಕಳೆಯಿತು, ಸಂಕ್ರಾಂತಿ ಬಂತು. ಹೊಲದಲ್ಲಿ ಎಲ್ಲರೂ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಣ್ಣುವಾಗ ಅಣ್ಣ, ಇದಕ್ಕ ಉಪ್ಪ ಕಡಿಮಿ ಆಗೇತಿ ಅಂದ. ಅತ್ತಿಗೆ ಗಂಗಾಳ ಕೆಳಗಿಟ್ಟು ನನ್ನನ್ನು ನೋಡಿದಳು. ನಾನು ಅವನ ಕಾಲನ್ನು ನೋಡಿದೆ. ಎರಡೂ ಕಾಲು ಮಡಚಿ ಸುಮ್ಮನೆ ಕೂತಿದ್ದ. ಆ ವರ್ಷವೇ ಅವನು ಡಿಪೋದಲ್ಲಿ ಕೆಲಸಕ್ಕೆ ಸೇರಿದ, ಎರಡು ವರ್ಷದ ಮೇಲೆ ಮತ್ತೆ ಬಸ್ಸು ಹಿಡಿದ. ಬಂದೂಕು ಎಲ್ಲಿಗೆ ಬಂತು ಎಂದು ಮೂರನೆಯ ವರ್ಷದ ತನಕ ಕೇಳುತ್ತಿದ್ದವನು ಆಮೇಲೆ ಕೇಳುವುದನ್ನು ಬಿಟ್ಟ.

ನಾನು ಬದಲಾದೆನೋ ಇಲ್ಲವೋ ನನಗೆ ಗೊತ್ತಿಲ್ಲ. ನವೀಕರಣಕ್ಕೆ ಬಂದವರನ್ನು ಈಗ ಕೂರಿಸಿ, ನೀರು ಕೊಟ್ಟು, ನಿದ್ದಿ ಚೊಲೋ ಬರ್ತದೇನ್ರಿ ಎಂದು ಕೇಳುತ್ತೇನೆ. ಈ ಪ್ರಶ್ನೆ ನಮೂನೆಯಲ್ಲಿ ಎಲ್ಲಿದೆ ಎಂದು ಒಬ್ಬರು ಜಗಳವಾಡಿದರು. ಇಲ್ಲ, ಇರಬೇಕಿತ್ತು ಎಂದೆ.

ಕಳೆದ ವಾರ ಉಸ್ತಾದರ ಅಂಗಡಿ ತೆರೆದು ಪಟ್ಟಿ ಮಾಡಲು ನಾನು, ಒಬ್ಬ ಹವಾಲ್ದಾರರು ಹೋದೆವು. ಬೀಗ ತೆಗೆದುಕೊಟ್ಟವನು ಅವರ ಎರಡನೆಯ ಹೆಂಡತಿಯ ಮಗ, ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಕಪಾಟಿನಲ್ಲಿ ಒಂಬತ್ತು ಬಂದೂಕು, ನಳಿಗೆಗಳೆಲ್ಲ ಗೋಡೆಯ ಕಡೆ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಎಲ್ಲದರ ಮೇಲೂ ಒಂದೇ ಬರಹ: ಸ್ಪ್ರಿಂಗು ಬರಬೇಕು. ಗೋಡೆಯ ಮೊಳೆಗೆ ಒಂದು ಹಳೆಯ ಇಳಿಗೆ ತೂಗುತ್ತಿತ್ತು. ಎಣ್ಣೆ ಹಚ್ಚಿದ್ದರಿಂದ ತುಕ್ಕು ಹಿಡಿದಿರಲಿಲ್ಲ. ಅದನ್ನು ಪಟ್ಟಿಗೆ ಸೇರಿಸಲೇ ಎಂದು ಹವಾಲ್ದಾರರು ಕೇಳಿದರು, ಬೇಡ ಅಂದೆ. ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಒಳಗೆಲ್ಲ ಹೊಸ ಸ್ಪ್ರಿಂಗುಗಳು, ಒಂದೊಂದನ್ನೂ ಎಣ್ಣೆಕಾಗದದಲ್ಲಿ ಸುತ್ತಿ ಸಾಲಾಗಿ ಜೋಡಿಸಿದ್ದರು.

ಬಂದೂಕುಗಳು ನಮ್ಮ ಕಚೇರಿಗೆ ಬಂದವು, ಮಾಲೀಕರಿಗೆಲ್ಲ ಪತ್ರ ಹೋಯಿತು. ಬಂದು ಬಂದೂಕು ಒಯ್ಯಿರಿ, ಬೇಡವಾದರೆ ಸರ್ಕಾರಕ್ಕೆ ಒಪ್ಪಿಸಿ ಎಂದು. ಬಂದವರ ಮಾರಿ ನೋಡಿ, ಮನೆಯವರನ್ನು ಕೇಳಿ, ಆಮೇಲೆಯೇ ಕೊಡುವುದು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಅಣ್ಣ ನಿನ್ನೆ ಬಂದ, ಖಾಕಿ ಅಂಗಿಯಲ್ಲೇ, ಶಹಾಪುರದ ಟ್ರಿಪ್ಪು ಮುಗಿಸಿಕೊಂಡು. ಬಂದೂಕನ್ನು ಎತ್ತಿಕೊಂಡು ನಳಿಗೆಯ ಬಾಯಿ ಗೋಡೆಯ ಕಡೆ ಮಾಡಿದ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ, ಮುಚ್ಚಿ ಕುದುರೆ ಒತ್ತಿದ. ಟಕ್ ಎಂದು ಸರಿಯಾಗಿ ಬಡಿಯಿತು. ನಳಿಗೆಯ ಮೇಲೆ ಹೋದ ವರ್ಷದ ಕುಂಕುಮ ಇನ್ನೂ ಇತ್ತು.

ನಾನೇ ಬಾಯಿ ಬಿಟ್ಟು, ಆವತ್ತು ಮನೆಗೆ ತಂದಾಗಲೂ ಅದು ಸರಿ ಇತ್ತಣ್ಣ, ನಿನಗೆ ನಾನೂ ಸುಳ್ಳು ಹೇಳಿದೆ ಎಂದೆ.

"ಗೊತ್ತೈತಿ" ಅಂದ. "ಮೂರನೇ ವರ್ಷನೂ ನಳಗಿ ಅಷ್ಟ ಪೂಜಿಗೆ ತಂದಾಗನ ತಿಳೀತು. ಆವತ್ತ ನೀ ಅದನ್ನ ನನ್ನ ಕೈಯಾಗ ಕೊಟ್ಟಿದ್ರ, ನಾ ಇವತ್ತ ಬಸ್ ಹೊಡೀತಿದ್ದಿಲ್ಲ."

ಆಮೇಲೆ ಅವನು ಬಂದೂಕನ್ನು ನನ್ನ ಟೇಬಲ್ಲಿನ ಆಚೆ ಸರಿಸಿ, ಸರ್ಕಾರಕ್ಕೆ ಒಪ್ಪಿಸುವ ನಮೂನೆ ಕೇಳಿದ. ಅಜ್ಜನ ಬಂದೂಕು. ಖಂಡೇಪೂಜೆಗೆ ಏನು ಮಾಡುತ್ತೀ ಎಂದು ಕೇಳಿದೆ.

"ನಿಮ್ಮ ಅತ್ತಿಗಿ ಇಳಿಗಿ ಐತಲ್ಲ, ಉಸ್ತಾದ್ರು ಸಾಣಿ ಹಿಡದದ್ದು. ಅದನ್ನ ಇಡ್ತೀವಿ."

ನಮೂನೆ ತುಂಬಿದೆ. ಮಾಲೀಕರ ಹೆಸರು, ಊರು, ಬಂದೂಕಿನ ನಂಬರು. ಕೊನೆಗೆ ಷರಾ ಎಂಬ ಕಾಲಂ, ಯಾವ ಕಾರಣಕ್ಕೆ ಒಪ್ಪಿಸಲಾಗುತ್ತಿದೆ ಎಂದು ಬರೆಯುವುದಕ್ಕೆ. ಏನು ಬರೆಯಲಿ ಅಣ್ಣ ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ಬಂದೂಕನ್ನು ಇನ್ನೊಮ್ಮೆ ನೋಡಿದ.

"ಸ್ಪ್ರಿಂಗ ಇನ್ನಾ ಬಂದಿಲ್ಲ ಅಂತ ಬರಿ."

ಬರೆದೆ. ಇಷ್ಟು ವರ್ಷದ ನೌಕರಿಯಲ್ಲಿ ಷರಾದಲ್ಲಿ ತಿಳಿದೂ ತಿಳಿದೂ ನಾನೇ ಕೈಯಾರೆ ಬರೆದ ಸುಳ್ಳು ಅದೊಂದೇ. ಅದರ ಕೆಳಗೆ ಅಣ್ಣ ಸಹಿ ಮಾಡಿದ, ನಾನು ಮೊಹರು ಒತ್ತಿದೆ. ಈ ಸಲ ಅಳು ಮೊದಲೇ ಬಂದಿತ್ತು.